ಗ್ರನಾಡಾದ ತೋಟದಲ್ಲಿ ಇಬ್ನ್ ಬತೂತಾ

ಇಬ್ನ್ ಬತೂತಾ (ರ) ಅವರ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಸಿಗುವುದು ಕಷ್ಟ. ಮುಹಮ್ಮದ್ ಬಿನ್ ತುಘಲಕ್ ಸುಲ್ತಾನರ ಪಾಠ ಬಂದಾಗ ಆ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಪರೀಕ್ಷೆಯಲ್ಲಿ ಅವರು ಯಾವ ದೇಶದವರು ಎಂದು ಕೇಳಿದರೆ ಮೊರಾಕೊ ಎಂದು ಬರೆದು ಒಂದು ಅಂಕ ಪಡೆಯುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ಆ ಮನುಷ್ಯ 24 ವರ್ಷ ಪರದೇಶಗಳಲ್ಲಿ ಅಲೆದು ಮನೆಗೆ ಮರಳಿದಾಗ ಅವರ ಕೈಯಲ್ಲಿ ಏನಿತ್ತು, ಅವರ ಮಾತು ಪುಸ್ತಕವಾಗಿ ನಮ್ಮ ತನಕ ಹೇಗೆ ಬಂತು ಎಂಬುದನ್ನು ಆ ಒಂದು ಸಾಲು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ನೀವು ಸ್ಪೇನ್ ದೇಶದ ಗ್ರನಾಡಾ ಎಂಬ ಬೆಟ್ಟದ ಊರಿಗೆ, ಅಲ್ಲಿನ ಒಂದು ತೋಟಕ್ಕೆ ನನ್ನ ಜೊತೆ ಬರಬೇಕು. ಅದಕ್ಕೂ ಮೊದಲು ನಮ್ಮ ಹೊನ್ನಾವರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ದಾರಿ ಸ್ವಲ್ಪ ದೂರ, ಬೇಸರಿಸಬೇಡಿ.

ಅವರು ಹುಟ್ಟಿದ್ದು ಹಿಜರಿ 703ರ ರಜಬ್ ತಿಂಗಳಲ್ಲಿ, ಅಂದರೆ ಕ್ರಿ.ಶ. 1304ರ ಫೆಬ್ರುವರಿಯಲ್ಲಿ, ಮೊರಾಕೊದ ತಾಂಜಿಯರ್ ಎಂಬ ಬಂದರು ಪಟ್ಟಣದಲ್ಲಿ. ಮನೆತನ ಖಾಜಿಗಳದು, ಮಾಲಿಕಿ ಫಿಖ್ಹ್ ಓದಿದವರು. 1325ರ ಜೂನ್ ತಿಂಗಳಲ್ಲಿ, 21ನೇ ವಯಸ್ಸಿನಲ್ಲಿ, ಹಜ್ಜಿಗೆಂದು ಒಬ್ಬರೇ ಹೊರಟರು. ಜೊತೆಗಾರರಿಲ್ಲ, ಕಾಫಿಲಾ ಇಲ್ಲ. ತಾಯಿ ತಂದೆ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವುದು ಬಹಳ ಕಷ್ಟವಾಯಿತು ಎಂದು ಮುಂದೆ ನೆನೆದಿದ್ದಾರೆ. ಹಜ್ ಮುಗಿಸಿ ಮನೆಗೆ ಬರಬಹುದಿತ್ತು, ಬರಲಿಲ್ಲ. ಇರಾಕ್, ಇರಾನ್, ಯಮನ್, ಪೂರ್ವ ಆಫ್ರಿಕಾದ ಕರಾವಳಿ, ತುರ್ಕರ ನಾಡು, ಕಾನ್‌ಸ್ಟಾಂಟಿನೋಪಲ್, ಬುಖಾರಾ, ಸಮರ್ಖಂದ್ ಎಲ್ಲವನ್ನೂ ಕಂಡು, ಹಿಂದೂಕುಷ್ ಪರ್ವತ ದಾಟಿ, 1333ರ ಸೆಪ್ಟೆಂಬರಿನಲ್ಲಿ ಸಿಂಧೂ ನದಿಯ ದಡಕ್ಕೆ ಬಂದರು. ದೆಹಲಿಯ ಸುಲ್ತಾನರು ಅವರನ್ನು ಖಾಜಿಯಾಗಿ ನೇಮಿಸಿ ವರ್ಷಕ್ಕೆ 12,000 ದಿನಾರ್ ಸಂಬಳ ಕೊಟ್ಟರು. ಹಣ ಬಂದಷ್ಟೂ ಸಾಲವೂ ಆಯಿತು. ಸುಲ್ತಾನರ ಔದಾರ್ಯವನ್ನೂ ಉಂಡರು, ಅವರ ಸಂಶಯಕ್ಕೆ ಸಿಕ್ಕಿ ಕಾವಲಿನಲ್ಲಿ ದಿನ ಎಣಿಸುತ್ತ ಪ್ರಾಣಭಯವನ್ನೂ ಕಂಡರು. ಕೊನೆಗೆ 1342ರಲ್ಲಿ ಅದೇ ಸುಲ್ತಾನರ ರಾಯಭಾರಿಯಾಗಿ ಚೀನಾಕ್ಕೆ ಹೊರಟರು.

ಆಗ ನಮ್ಮ ವಿಜಯಪುರದಲ್ಲಿ ಕರೀಮುದ್ದೀನ್ ಮಸೀದಿ ಕಟ್ಟಿ 22 ವರ್ಷವಾಗಿತ್ತು. ಆದಿಲ್‌ಶಾಹಿಗಳು ಇರಲಿ, ಬಹಮನಿ ರಾಜ್ಯವೂ ಇನ್ನೂ ಹುಟ್ಟಿರಲಿಲ್ಲ. ಇಬ್ನ್ ಬತೂತಾ ಅವರು ನಮ್ಮ ಈ ಬಯಲುಸೀಮೆಗೆ ಬರಲಿಲ್ಲ. ದೌಲತಾಬಾದಿನಿಂದ ಗುಜರಾತಿನ ಖಂಭಾತಿಗೆ ಇಳಿದು, ಆಮೇಲೆ ಹಡಗು ಹಿಡಿದು, ಗೋವಾ ದಾಟಿ, ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ ಬಂದರು. ಅಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನರು ಆಳುತ್ತಿದ್ದರು. ಇವರು ಹರ್ಯಬ್ ಎಂಬ ದೊಡ್ಡ ಅರಸನಿಗೆ ಅಧೀನರಾಗಿದ್ದರು ಎಂದು ಬರೆದಿದ್ದಾರೆ. ಈ ಹರ್ಯಬ್ ವಿಜಯನಗರದ ಹರಿಹರನೇ ಇರಬೇಕು ಎಂದು ಹಲವು ಇತಿಹಾಸಕಾರರ ಅಭಿಪ್ರಾಯ.

ಹೊನ್ನಾವರದ ಬಗ್ಗೆ ಅವರು ಕೊಟ್ಟ ವಿವರವನ್ನು ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯರೂ ಓದಬೇಕು. ಆ ಊರಿನ ಹೆಣ್ಣುಮಕ್ಕಳು ಹೊಲಿಗೆ ಇಲ್ಲದ ವಸ್ತ್ರ ಉಡುತ್ತಾರೆ, ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಹಾಕುತ್ತಾರೆ ಎಂದು ಹೇಳಿ, ಅವರೆಲ್ಲರೂ ಪವಿತ್ರ ಕುರ್‌ಆನನ್ನು ಬಾಯಿಪಾಠ ಬಲ್ಲವರು ಎಂದು ಸೇರಿಸುತ್ತಾರೆ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು. ಇಂಥದ್ದನ್ನು ಬೇರೆ ಎಲ್ಲಿಯೂ ಕಾಣಲಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಇದನ್ನು ಹೇಳಿದವರು ಕೈರೋ ಕಂಡವರು, ದಮಾಸ್ಕಸ್ ಕಂಡವರು, ಬಗ್ದಾದಿನ ಮದ್ರಸಾ ಕಂಡವರು ಎಂಬುದನ್ನು ಗಮನಿಸಿ. ಹೆಣ್ಣುಮಕ್ಕಳ ಓದು ಎಂದರೆ ಈಚೆಗೆ ಯಾರೋ ಹೊರಗಿನವರು ತಂದ ಹೊಸ ರೂಢಿ ಎಂದು ನಮ್ಮ ಮೊಹಲ್ಲಾಗಳಲ್ಲಿ ವಾದಿಸುವ ಹಿರಿಯರು ಇನ್ನೂ ಇದ್ದಾರೆ. ಅಂಥವರು ಎದುರಾದರೆ ನೀವು ಜಗಳ ಮಾಡಬೇಡಿ, ಈ ಎರಡು ಅಂಕಿಗಳನ್ನು ಹೇಳಿ.

ಊಟದ ವಿಷಯವೂ ಇದೆ. ಸುಲ್ತಾನರ ಮನೆಯಲ್ಲಿ ತಾಮ್ರದ ತಟ್ಟೆಯಲ್ಲಿ ಅನ್ನ ಬಡಿಸಿ, ತುಪ್ಪ ಹಾಕಿ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ ಇಡುತ್ತಿದ್ದರು; ಕೋಳಿ, ಮೀನು, ಪಲ್ಯ ಒಂದೊಂದಾಗಿ ಬಂದು ಕೊನೆಗೆ ಮೊಸರು. ಎರಡನೇ ಸಲ ಬಂದಾಗ 11 ತಿಂಗಳು ಅಲ್ಲಿ ಇದ್ದರು, ಒಂದು ದಿನವೂ ರೊಟ್ಟಿ ಸಿಗಲಿಲ್ಲ. ಆಮೇಲೆ ಕರಾವಳಿ, ದ್ವೀಪ ಎಲ್ಲ ಸೇರಿ ಮೂರು ವರ್ಷ ಬರೀ ಅನ್ನವೇ. ಕೊನೆಕೊನೆಗೆ ನೀರು ಕುಡಿದು ಅನ್ನ ನುಂಗಬೇಕಾಯಿತಂತೆ. ಜೋಳದ ರೊಟ್ಟಿ ತಪ್ಪಿದರೆ ಊಟವೇ ಆಗಲಿಲ್ಲ ಎನ್ನುವ ನಮ್ಮ ಹೂವಿನ ಹಿಪ್ಪರಗಿಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅವರ ನಿಜವಾದ ನಷ್ಟ ಬೇರೆಯೇ ಇತ್ತು. ಕಲ್ಲಿಕೋಟೆಯಲ್ಲಿ ಸುಲ್ತಾನರ ಕಾಣಿಕೆಗಳನ್ನು ಹೊತ್ತ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಜುಮಾ ನಮಾಜಿಗೆಂದು ದಡದಲ್ಲಿ ಉಳಿದಿದ್ದರಿಂದ ಇವರ ಜೀವ ಉಳಿಯಿತು. ಬರಿಗೈಯಲ್ಲಿ ದೆಹಲಿಗೆ ಹೋಗಿ ಮುಖ ತೋರಿಸುವ ಧೈರ್ಯ ಸಾಲದೆ ಹೊನ್ನಾವರಕ್ಕೇ ಮರಳಿ, ಮಸೀದಿಯಲ್ಲಿ ಕೂತು ದಿನಕ್ಕೊಂದು ಖತಮ್ ಓದತೊಡಗಿದರು. ಬಳಿಕ ಮಾಲ್ದೀವ್ಸಿನಲ್ಲಿ ಖಾಜಿಯಾದರು, ಸಿಂಹಳಕ್ಕೆ ಹೋದರು. ಅಲ್ಲಿಂದ ಬಂದು ಕೊಲ್ಲಂನಿಂದ ಮತ್ತೆ ಹೊನ್ನಾವರದ ಕಡೆ ಹೊರಟಾಗ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಒಂದು ಸಣ್ಣ ದ್ವೀಪದ ಹತ್ತಿರ 12 ದೋಣಿಗಳಲ್ಲಿ ಬಂದ ಕಡಲ್ಗಳ್ಳರು ಮುತ್ತಿದರು. ಸಿಂಹಳದ ಅರಸ ಕೊಟ್ಟ ರತ್ನಗಳು, ಬಟ್ಟೆ, ಬುತ್ತಿ ಎಲ್ಲ ಹೋಗಿ ಮೈಮೇಲೆ ಇಜಾರು ಒಂದೇ ಉಳಿಯಿತು. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ನಕಲು ಮಾಡಿಟ್ಟುಕೊಂಡಿದ್ದ ಟಿಪ್ಪಣಿಗಳೂ ಹಿಂದೂಸ್ತಾನದ ಕಡಲಿನಲ್ಲಿ ನಡೆದ ದರೋಡೆಯಲ್ಲಿ ಹೋದವು ಎಂದು ಅವರು ಬೇರೊಂದು ಕಡೆ ಹೇಳುತ್ತಾರೆ. ರತ್ನಕ್ಕಿಂತ ದೊಡ್ಡ ನಷ್ಟ ಇದು. ಇನ್ನು ಮುಂದೆ ಅವರ ಪ್ರವಾಸವೆಲ್ಲ ಅವರ ತಲೆಯೊಳಗೆ ಮಾತ್ರ ಇತ್ತು.

ಬಂಗಾಳ, ಸುಮಾತ್ರಾ, ಚೀನಾ ಕಂಡು ತಿರುಗಿ ಹೊರಟವರು 1348ರಲ್ಲಿ ದಮಾಸ್ಕಸ್ ಸೇರಿದರು. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಒಬ್ಬ ಹೆಂಡತಿಯನ್ನು ಬಿಟ್ಟು ಹೋಗಿದ್ದರು. ಆಕೆಗೆ ಹುಟ್ಟಿದ ಮಗನನ್ನು ಕೇಳಿಕೊಂಡು ಮಸೀದಿಗೆ ಹೋದರೆ, ಹುಡುಗ ತೀರಿ 12 ವರ್ಷವಾಯಿತು ಎಂದು ಗೊತ್ತಾಯಿತು. ತಾಂಜಿಯರಿನವರೇ ಆದ ಒಬ್ಬ ಆಲಿಮರು ಅಲ್ಲಿ ಸಿಕ್ಕರು. ತಂದೆ ತೀರಿಕೊಂಡು 15 ವರ್ಷವಾಯಿತು, ತಾಯಿ ಇದ್ದಾರೆ ಎಂದು ಅವರಿಂದ ತಿಳಿಯಿತು. ಅದೇ ವರ್ಷ ಮಹಾ ಪ್ಲೇಗು ಶಾಮ್ ಮತ್ತು ಮಿಸ್ರ್ ದೇಶಗಳನ್ನು ಬಡಿಯಿತು. ಆ ಸಾವುಗಳ ನಡುವೆಯೇ ಇನ್ನೊಂದು ಹಜ್ ಮಾಡಿ, ಮೊರಾಕೊದ ಕಡೆ ನಡೆದರು. ಊರಿಗೆ ಇನ್ನು ಕೆಲವೇ ದಿನಗಳ ದಾರಿ ಇರುವಾಗ ತಾಜಾ ಎಂಬ ಪಟ್ಟಣದಲ್ಲಿ ಸುದ್ದಿ ಬಂತು: ತಾಯಿಯೂ ಪ್ಲೇಗಿಗೆ ತೀರಿಹೋಗಿದ್ದಾರೆ. 1349ರ ನವೆಂಬರಿನಲ್ಲಿ ಫೆಜ್ ಸೇರಿ ಸುಲ್ತಾನ್ ಅಬೂ ಇನಾನ್ ಅವರನ್ನು ಕಂಡು, ತಾಂಜಿಯರಿಗೆ ಹೋಗಿ ತಾಯಿಯ ಕಬರಿನ ಜಿಯಾರತ್ ಮಾಡಿದರು. ಅಲ್ಲಿಂದ ಸಬ್ತಾ ಎಂಬ ಬಂದರಿಗೆ ಹೋಗಿ ಮೂರು ತಿಂಗಳು ಕಾಯಿಲೆ ಮಲಗಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇಬ್ನ್ ಬತೂತಾ ಅವರನ್ನು ವಲಿಯನ್ನಾಗಿ ಮಾಡುವ ಅಗತ್ಯವಿಲ್ಲ. ಹೋದ ಹೋದಲ್ಲಿ ಮದುವೆಯಾದರು, ಹೆಂಡಿರು ಮಕ್ಕಳನ್ನು ಬಿಟ್ಟು ಮುಂದೆ ನಡೆದರು, ಅರಸರ ಕಾಣಿಕೆಗೆ ಕೈ ಒಡ್ಡಿದರು. ಆ ಕಾಲದ ಪ್ರಯಾಣಿಕರು ಹಲವರು ಹಾಗೆಯೇ ಇದ್ದರು ಎನ್ನಬಹುದು, ಆದರೆ ಆ ಮಕ್ಕಳ ಪಾಲಿಗೆ ಅದು ಸಮಾಧಾನವಲ್ಲ. ಕಾಯಿಲೆಯಿಂದ ಎದ್ದಾಗ ಅವರಿಗೆ 46 ವರ್ಷ. ತಾಯಿ ತಂದೆ ಇಲ್ಲ, ಕೈಯಲ್ಲಿ ಬರಹವಿಲ್ಲ.

ಆಗ ಅವರು ಜಲಸಂಧಿ ದಾಟಿ ಅಂದಲೂಸಿಗೆ ಹೋದರು. ಕಾರಣ ಜಿಹಾದ್. ಕ್ಯಾಸ್ಟೈಲಿನ ದೊರೆ ಹನ್ನೊಂದನೇ ಅಲ್ಫಾನ್ಸೊ ಜಿಬ್ರಾಲ್ಟರಿಗೆ ಮುತ್ತಿಗೆ ಹಾಕಿದ್ದ. ಕೋಟೆ ಕಾಯುವವರ ಜೊತೆ ಸೇರುವ ಇಚ್ಛೆ ಇವರದು. ಆದರೆ 1350ರ ಮಾರ್ಚಿನಲ್ಲಿ ಆ ದೊರೆಯೂ ಅದೇ ಪ್ಲೇಗಿಗೆ ಬಲಿಯಾಗಿದ್ದ. ಯುದ್ಧ ಇಲ್ಲದಾಯಿತು, ಯೋಧನಾಗಲು ಹೋದವರು ಪ್ರವಾಸಿಯಾದರು. ಬೆಟ್ಟದ ಮೇಲಿನ ರೋಂಡಾ ಕೋಟೆಯಲ್ಲಿ ಇವರ ಚಿಕ್ಕಪ್ಪನ ಮಗನೇ ಖಾಜಿಯಾಗಿದ್ದರು. ಅಲ್ಲಿ ಐದು ದಿನ ಇದ್ದು, ಬಿಕ್ಕಟ್ಟಾದ ಬೆಟ್ಟದ ಹಾದಿಯಲ್ಲಿ ಮರ್ಬೆಲ್ಲಾಕ್ಕೆ ಬಂದರು. ಅಲ್ಲಿಂದ ಮಾಲಗಾ ಕಡೆಗೆ 12 ಮಂದಿ ಕುದುರೆ ಸವಾರರು ಮುಂದೆ ಹೋಗಿದ್ದರು. ಇವರು ಹಿಂದೆ ಹೋಗಿ ನೋಡಿದರೆ ದಾರಿಯಲ್ಲಿ ಸತ್ತ ಕುದುರೆ, ಮುಂದೆ ನೆಲದ ಮೇಲೆ ಚೆಲ್ಲಿದ ಮೀನಿನ ಬುಟ್ಟಿ. ಶತ್ರುಗಳು ಹಡಗಿನಿಂದ ಇಳಿದು ಒಬ್ಬನನ್ನು ಕೊಂದು ಹತ್ತು ಮಂದಿಯನ್ನು ಸೆರೆ ಒಯ್ದಿದ್ದರು, ಒಬ್ಬ ತಪ್ಪಿಸಿಕೊಂಡಿದ್ದ. ಸ್ವಲ್ಪ ಬೇಗ ಹೊರಟಿದ್ದರೆ ಇಬ್ನ್ ಬತೂತಾ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾಲಗಾ ತಲುಪಿದಾಗ ಆ ಊರಿನ ಖಾಜಿ ಸಾಹೇಬರು ಜಾಮಿಯಾ ಮಸೀದಿಯಲ್ಲಿ ಆಲಿಮರನ್ನೂ ಊರ ಹಿರಿಯರನ್ನೂ ಕೂರಿಸಿಕೊಂಡು, ಸೆರೆಯಾದವರನ್ನು ಬಿಡಿಸಲು ಚಂದಾ ಎತ್ತುತ್ತಿದ್ದರು. ಚಂದಾ ಪುಸ್ತಕ ಹಿಡಿದು ಮನೆ ಮನೆ ತಿರುಗುವ ನಮ್ಮ ಸಂಘದವರಿಗೆ ಈ ದೃಶ್ಯ ಕಣ್ಣಿಗೆ ಕಟ್ಟೀತು.

ಮಾಲಗಾದ ಅಂಜೂರ, ಬಾದಾಮಿ, ಚಿನ್ನದ ಬಣ್ಣದ ಮಣ್ಣಿನ ಪಾತ್ರೆಗಳನ್ನು ಹೊಗಳಿ, ಅಲ್ಹಾಮಾ ಎಂಬ ಊರಿನ ಬಿಸಿನೀರಿನ ಬುಗ್ಗೆಯನ್ನು ನೋಡಿ, ಅವರು ಗ್ರನಾಡಾ ಹತ್ತಿದರು. ಅಲ್ಹಾಮಾದ ಹೊಳೆ ದಡದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಸ್ನಾನದ ಮನೆ ಇದ್ದವು.

ಗ್ರನಾಡಾ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಹಿಂದೆ ಸಿಯೆರ್ರಾ ನೆವಾಡಾ ಪರ್ವತಸಾಲು. ಆ ಹೆಸರಿನ ಅರ್ಥವೇ ಹಿಮದ ಬೆಟ್ಟ. ಅದರ ಅತಿ ಎತ್ತರದ ಶಿಖರ 3,479 ಮೀಟರ್. ಗ್ರನಾಡಾದ ಸುಲ್ತಾನರೊಬ್ಬರಾದ ಮೌಲಾಯ್ ಹಸನ್ ಅವರ ಹೆಸರೇ ಬಾಯಿಂದ ಬಾಯಿಗೆ ಸವೆದು ಆ ಶಿಖರಕ್ಕೆ ಮುಲಾಸೆನ್ ಎಂದು ನಿಂತಿದೆ. ಕರಗಿದ ಹಿಮದ ನೀರು ಕಾಲುವೆಗಳಲ್ಲಿ ಊರಿನ ತೋಟಗಳಿಗೆಲ್ಲ ಹರಿಯುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲು ನಿಲ್ಲುವ ನಮಗೆ ಇದನ್ನು ಕೇಳಿದರೇ ತಂಪು. ಕಾರ್ಡೋಬಾ 1236ರಲ್ಲಿ, ಸೆವಿಲ್ಲಾ 1248ರಲ್ಲಿ ಕೈಬಿಟ್ಟ ಮೇಲೆ ಅಂದಲೂಸಿನಲ್ಲಿ ಮುಸ್ಲಿಮರಿಗೆ ಉಳಿದಿದ್ದು ಈ ಬೆಟ್ಟದ ರಾಜ್ಯ ಒಂದೇ. ಅದು 1492ರವರೆಗೆ ಬಾಳಿತು. ಇಬ್ನ್ ಬತೂತಾ ಅವರು ಹೋದಾಗ ಸುಲ್ತಾನ್ ಒಂದನೇ ಯೂಸುಫ್ ಆಳುತ್ತಿದ್ದರು. ಅಲ್‌ಹಂಬ್ರಾ ಕೋಟೆಯ ನ್ಯಾಯದ ಬಾಗಿಲು 1348ರಲ್ಲಿ ಎದ್ದಿತ್ತು, ಅದರ ಮರುವರ್ಷ ಸುಲ್ತಾನರು ಊರಿನಲ್ಲಿ ಮದ್ರಸಾ ಸ್ಥಾಪಿಸಿದ್ದರು. ಸುತ್ತ ಶತ್ರು, ಒಳಗೆ ಪ್ಲೇಗು. ಅಂಥ ಹೊತ್ತಿನಲ್ಲಿ ಒಬ್ಬ ದೊರೆಗೆ ಮದ್ರಸಾ ಕಟ್ಟಬೇಕು ಅನ್ನಿಸಿತು. ಅದರ ಕಟ್ಟಡದ ಒಂದು ಭಾಗ ಇಂದಿಗೂ ಗ್ರನಾಡಾ ವಿಶ್ವವಿದ್ಯಾಲಯದ ವಶದಲ್ಲಿ ಉಳಿದಿದೆ.

ಸುಲ್ತಾನರಿಗೆ ಮೈಗೆ ಹುಷಾರಿರಲಿಲ್ಲ, ಭೇಟಿ ಆಗಲಿಲ್ಲ. ಅವರ ತಾಯಿಯವರು ಚಿನ್ನದ ದಿನಾರುಗಳನ್ನು ಕಳಿಸಿ ಅತಿಥಿಯನ್ನು ಸತ್ಕರಿಸಿದರು. ದರ್ಬಾರಿನ ಹಂಗಿಲ್ಲ, ನೌಕರಿಯ ಹಂಗಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಬಹುಶಃ ಮೊದಲ ಬಾರಿಗೆ ಏನನ್ನೂ ಬೇಡದೆ ಒಂದು ಊರಿನಲ್ಲಿ ಸುಮ್ಮನೆ ಇರುವ ಅವಕಾಶ ಅವರಿಗೆ ಸಿಕ್ಕಿತು. ಊರಿನ ಸುತ್ತ 40 ಮೈಲಿಗಳಷ್ಟು ಹರಡಿದ ತೋಟ, ಹೊಳೆ, ಹೊಲಗಳನ್ನು ನೋಡಿದರು. ಶೇಖರನ್ನು, ಫಕೀರರನ್ನು ಕಂಡರು. ಆ ಫಕೀರರಲ್ಲಿ ಸಮರ್ಖಂದಿನವರೊಬ್ಬರು, ತಬ್ರೇಜಿನವರೊಬ್ಬರು, ಕೋನ್ಯಾದವರೊಬ್ಬರು, ಖುರಾಸಾನಿನವರೊಬ್ಬರು ಇದ್ದರು, ಹಿಂದೂಸ್ತಾನದವರೂ ಇಬ್ಬರಿದ್ದರು! ಗ್ರನಾಡಾ ತಮ್ಮ ನಾಡನ್ನೇ ಹೋಲುತ್ತದೆಂದು ಅವರು ಅಲ್ಲಿಯೇ ನೆಲೆಸಿದ್ದರಂತೆ. ಇಬ್ನ್ ಬತೂತಾ ಅವರು ಪೂರ್ವಕ್ಕೆ ನಡೆದ ದಾರಿಯಲ್ಲೇ ಯಾರೋ ಪಶ್ಚಿಮಕ್ಕೂ ನಡೆದು ಬಂದಿದ್ದರು. ಆ ಇಬ್ಬರು ಹಿಂದೂಸ್ತಾನಿಗಳ ಪ್ರವಾಸ ಕಥೆ ಯಾರೂ ಬರೆದುಕೊಳ್ಳದೆ ಹೋಯಿತಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಈಗ ತೋಟಕ್ಕೆ ಬರೋಣ. ಅದು ಅಬುಲ್ ಖಾಸಿಂ ಇಬ್ನ್ ಆಸಿಂ ಎಂಬ ಫಕೀಹರ ತೋಟ. ಎರಡು ಹಗಲು, ಒಂದು ರಾತ್ರಿ ಅಲ್ಲಿ ವಿದ್ವಾಂಸರ ಮಜ್ಲಿಸ್ ನಡೆಯಿತು. ಇಬ್ನ್ ಬತೂತಾ ಅವರು ತಾವು ಕಂಡ ದೇಶಗಳನ್ನು ಹೇಳುತ್ತ ಹೋದರು, ಉಳಿದವರು ಕೇಳುತ್ತ ಕುಳಿತರು. ಕೇಳುಗರಲ್ಲಿ ಇಬ್ಬರನ್ನು ನೀವು ಗುರುತಿಟ್ಟುಕೊಳ್ಳಿ. ಒಬ್ಬರು ಅಬುಲ್ ಬರಕಾತ್ ಅಲ್ ಬಲಫೀಖಿ, ಹೆಸರಾಂತ ಖಾಜಿ. ಕಾನ್‌ಸ್ಟಾಂಟಿನೋಪಲಿನ ದೊಡ್ಡ ಚರ್ಚಿನ ವರ್ಣನೆ ಮುಂತಾದವನ್ನು ಕೇಳಿ, ಈ ಮನುಷ್ಯ ಹೇಳುವುದು ನಿಜವಲ್ಲ ಎಂಬ ತೀರ್ಮಾನಕ್ಕೆ ಬಂದರು. ಇನ್ನೊಬ್ಬರು ಸುಲ್ತಾನರ ಕಚೇರಿಯಲ್ಲಿ ಬರಹಗಾರರಾಗಿದ್ದ ಇಬ್ನ್ ಜುಜೈ, 1321ರಲ್ಲಿ ಹುಟ್ಟಿದವರು, ಇನ್ನೂ 30 ತುಂಬದ ಯುವಕ. ಅವರು ವಾದಕ್ಕೆ ಇಳಿಯಲಿಲ್ಲ. ಇಬ್ನ್ ಬತೂತಾ ಅವರು ಭೇಟಿಯಾದ ಪ್ರಸಿದ್ಧರ ಹೆಸರುಗಳನ್ನು ಅಲ್ಲಿಯೇ ಬರೆದುಕೊಂಡರು.

ಖಾಜಿಯವರ ಸಂಶಯ ತಪ್ಪು ಎಂದು ನಾನು ಹೇಳುವುದಿಲ್ಲ. ಕೇಳಿದ್ದನ್ನೆಲ್ಲ ನಂಬದಿರುವುದು ವಿದ್ವಾಂಸರ ಲಕ್ಷಣವೇ. ಇಂದಿನ ಸಂಶೋಧಕರೂ ಆ ಪುಸ್ತಕದ ಎಲ್ಲವನ್ನೂ ಒಪ್ಪುವುದಿಲ್ಲ. ದಮಾಸ್ಕಸ್, ಮಕ್ಕಾಗಳ ವರ್ಣನೆಯಲ್ಲಿ ಬಹಳಷ್ಟು ಭಾಗ ಅವರಿಗಿಂತ ಮೊದಲಿನ ಪ್ರವಾಸಿ ಇಬ್ನ್ ಜುಬೈರ್ ಅವರಿಂದ ಎತ್ತಿದ್ದು. ವೋಲ್ಗಾ ತೀರದ ಬುಲ್ಗಾರಿಗೆ ಹೋದದ್ದು ಅಸಾಧ್ಯವೆನ್ನುತ್ತಾರೆ. ಚೀನಾದ ಬಗ್ಗೆಯೂ ಅನುಮಾನಗಳಿವೆ. ನಾನು ಹೇಳುವುದು ಇಷ್ಟೇ: ಅಂದು ತೋಟದಲ್ಲಿ ಕುಳಿತವರೆಲ್ಲ ಬಲಫೀಖಿ ಅವರಂತೆ ತಲೆಯಾಡಿಸಿ ಎದ್ದು ಹೋಗಿದ್ದರೆ, ಹೊನ್ನಾವರದ 13 ಮತ್ತು 23ರ ಲೆಕ್ಕವೂ ಹೊರಟುಹೋಗುತ್ತಿತ್ತು.

ಗ್ರನಾಡಾದಿಂದ ಮರಳಿದ ಇಬ್ನ್ ಬತೂತಾ ಅವರು ಇನ್ನೊಂದು ದೊಡ್ಡ ಪ್ರವಾಸ ಮಾಡಿದರು. 1352ರಲ್ಲಿ ಸಹಾರಾ ಮರುಭೂಮಿ ದಾಟಿ ಮಾಲಿ ರಾಜ್ಯಕ್ಕೆ ಹೋಗಿ, ಟಿಂಬಕ್ಟೂ ನೋಡಿ, ಸುಲ್ತಾನ್ ಅಬೂ ಇನಾನ್ ಅವರ ಆಜ್ಞೆ ಬಂದ ಮೇಲೆ 1354ರ ಆರಂಭದಲ್ಲಿ ಫೆಜ್‌ಗೆ ಬಂದರು. ಅದು ಕೊನೆಯ ಪ್ರವಾಸ. ಈ ನಡುವೆ ಇಬ್ನ್ ಜುಜೈ ಅವರು ಗ್ರನಾಡಾದ ಸುಲ್ತಾನರ ಕೋಪಕ್ಕೆ ಗುರಿಯಾಗಿ ಊರು ಬಿಟ್ಟು ಅದೇ ಫೆಜ್‌ನ ದರ್ಬಾರು ಸೇರಿದ್ದರು. ಪ್ರವಾಸ ಕಥೆಯನ್ನು ಬರೆಸಬೇಕೆಂದು ಅಬೂ ಇನಾನ್ ಅವರು ನಿಶ್ಚಯಿಸಿದಾಗ, ಬರೆಯುವ ಕೆಲಸ ಬಿದ್ದದ್ದು ತೋಟದಲ್ಲಿ ಹೆಸರು ಗುರುತಿಸಿಕೊಂಡಿದ್ದ ಆ ಯುವಕನ ಪಾಲಿಗೇ. ಒಬ್ಬರು ಹೇಳಿದರು, ಒಬ್ಬರು ಬರೆದರು. ಮೂವತ್ತು ವರ್ಷಗಳ ಊರು, ಅರಸು, ಊಟ, ನಾಣ್ಯ, ಮಸೀದಿ, ಶಾಲೆ ಎಲ್ಲ ನೆನಪಿನಿಂದ ಹೊರಬಂದವು. ಹೇಳುವುದು ಮುಗಿದದ್ದು 1355ರ ಡಿಸೆಂಬರಿನಲ್ಲಿ. ಇಬ್ನ್ ಜುಜೈ ಅವರು ಅದನ್ನು ತಿದ್ದಿ, ಅಲ್ಲಲ್ಲಿ ಕವಿತೆ ಸೇರಿಸಿ, 1356ರ ಫೆಬ್ರುವರಿ ಹೊತ್ತಿಗೆ ಪುಸ್ತಕ ಮಾಡಿದರು. ಅದನ್ನೇ ನಾವು ರಿಹ್ಲಾ ಎನ್ನುತ್ತೇವೆ. ಮರುವರ್ಷದ ಹೊತ್ತಿಗೆ ಇಬ್ನ್ ಜುಜೈ ತೀರಿಕೊಂಡರು, ನಲವತ್ತೂ ಆಗಿರಲಿಲ್ಲ.

ಫೆಜ್‌ನಲ್ಲೂ ಜನ ಪಿಸುಗುಟ್ಟಿದರು. ಮಹಾ ಇತಿಹಾಸಕಾರ ಇಬ್ನ್ ಖಲ್ದೂನ್ ಅವರೇ ಆಗ ಯುವಕರು, ತಮಗೂ ಅನುಮಾನ ಬಂದಿತ್ತೆಂದು ಬರೆದಿದ್ದಾರೆ. ಅನುಮಾನವನ್ನು ಅವರು ವಜೀರರೊಬ್ಬರ ಮುಂದೆ ತೋಡಿಕೊಂಡರು. ಆ ವಜೀರರು ಒಂದು ಕಥೆ ಹೇಳಿದರು: ಸೆರೆಮನೆಯಲ್ಲೇ ಬೆಳೆದ ಒಬ್ಬ ಹುಡುಗ ಇಲಿಯ ಹೊರತು ಬೇರೆ ಪ್ರಾಣಿ ಕಂಡವನಲ್ಲ. ಕುರಿ ಹೇಗಿರುತ್ತದೆ ಎಂದು ತಂದೆ ಎಷ್ಟು ವಿವರಿಸಿದರೂ ಅವನ ಮನಸ್ಸಿಗೆ ಬರುತ್ತಿದ್ದದ್ದು ಒಂದು ಇಲಿಯೇ. ನೀವು ಊರು ಬಿಟ್ಟು ಓದಲು ಹೋದಾಗ, ವಿದ್ಯಾರ್ಥಿಗಳೇ, ಈ ಹುಡುಗನನ್ನು ಜೊತೆಗೆ ನೆನಪಿನಲ್ಲಿ ಒಯ್ಯಿರಿ.

ಇಬ್ನ್ ಬತೂತಾ ಅವರು ಮೊರಾಕೊದ ಒಂದು ಊರಿನಲ್ಲಿ ಖಾಜಿಯಾಗಿ ಉಳಿದ ದಿನ ಕಳೆದು, ಹಿಜರಿ 770ರಲ್ಲಿ, ಅಂದರೆ 1368-69ರಲ್ಲಿ ತೀರಿಕೊಂಡರು. ಪುಸ್ತಕ ಉತ್ತರ ಆಫ್ರಿಕಾದ ಮನೆಗಳಲ್ಲಿ, ಕೈಬರಹದ ಪ್ರತಿಗಳಲ್ಲಿ ಉಳಿಯಿತು. ಹೊರಜಗತ್ತು ಅದನ್ನು ಪೂರ್ತಿಯಾಗಿ ಓದಿದ್ದು 1853ರಿಂದ 1858ರ ನಡುವೆ ಪ್ಯಾರಿಸಿನಲ್ಲಿ ಅರಬ್ಬಿ ಮೂಲ ಮತ್ತು ಫ್ರೆಂಚ್ ಅನುವಾದ ನಾಲ್ಕು ಸಂಪುಟಗಳಲ್ಲಿ ಅಚ್ಚಾದ ಮೇಲೆ. ಅದಕ್ಕೆ ಆಧಾರವಾದ ಹಸ್ತಪ್ರತಿಗಳಲ್ಲಿ ಒಂದು 1356ರ ತಾರೀಖು ಹೊತ್ತಿದೆ. ಇಬ್ನ್ ಜುಜೈ ಅವರ ಸ್ವಂತ ಕೈಬರಹವೇ ಇರಬೇಕೆಂದು ಅದನ್ನು ಅಚ್ಚು ಮಾಡಿಸಿದ ವಿದ್ವಾಂಸರು ನಂಬಿದ್ದರು. ಅದರಲ್ಲಿ ಇರುವುದು ಪುಸ್ತಕದ ಎರಡನೇ ಭಾಗ, ಸಿಂಧೂ ನದಿ ದಾಟಿದಲ್ಲಿಂದ ಮುಂದಿನದು. ಹೊನ್ನಾವರದ ಶಾಲೆಗಳೂ ಗ್ರನಾಡಾದ ತೋಟವೂ ಬರುವುದು ಆ ಭಾಗದಲ್ಲಿಯೇ.